ವರ್ಲಿಯ ಬಿ.ಡಿ.ಡಿ. ಚಾಳುಗಳು

ಮುಂಬೈಯ ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ ಹಾಗೂ ಶಿವಡಿಗಳಲ್ಲಿ ಬ್ರಿಟಿಷ್ ಸರಕಾರವು ಕಾರ್ಮಿಕರಿಗಾಗಿ ಕಟ್ಟಿಸಿದ 207 ವಸತಿ ಕಟ್ಟಡಗಳು ಬಿ.ಡಿ.ಡಿ. ಚಾಳುಗಳೆಂದು ಪ್ರಸಿದ್ಧವಾದವು. ಇವುಗಳಲ್ಲಿ 121 ಚಾಳುಗಳು ವರ್ಲಿಯೊಂದರಲ್ಲೇ ಇದ್ದವು. ‘ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್’ ಎಂಬ ಇಲಾಖೆಯ ಹೆಸರೇ ಸಂಕ್ಷಿಪ್ತಗೊಂಡು ಬಿ.ಡಿ.ಡಿ. ಆಯಿತು.

ಗಿರಣಿಗಳು ಬೆಳೆದಂತೆ ನಗರದಲ್ಲಿ ವಸತಿಯ ಅಭಾವ ತೀವ್ರವಾಯಿತು. 1896ರ ಪ್ಲೇಗ್ ಮಹಾಮಾರಿಯು ಇಕ್ಕಟ್ಟಾದ ವಸತಿಗಳ ಅಪಾಯವನ್ನು ತೋರಿಸಿಕೊಟ್ಟಿತ್ತು. ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರಲ್ಲಿ, ಈ ಇಲಾಖೆ ಸ್ಥಾಪನೆಯಾಗಿ 50,000 ಖೋಲಿಗಳ ಯೋಜನೆ ಸಿದ್ಧವಾಯಿತು. ಇದಕ್ಕಾಗಿ ನಗರಕ್ಕೆ ಬರುವ ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ ವಿಧಿಸಲಾಯಿತು. ಅಂದು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಗದಗ ಸೀಮೆಯ ಹತ್ತಿಯೂ ಇದೇ ಪೇಟೆಗೆ ಬರುತ್ತಿತ್ತೆಂಬುದು ಕನ್ನಡಿಗರಿಗೆ ಗಮನಾರ್ಹ. ಕಟ್ಟಲಾದ ಖೋಲಿಗಳು ಮಾತ್ರ ಸುಮಾರು 16,000.

ಪ್ರತಿ ಚಾಳಿಗೆ ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಒಟ್ಟು 80 ಖೋಲಿಗಳು. ಒಂದೊಂದು ಖೋಲಿಯ ವಿಸ್ತೀರ್ಣ ಸುಮಾರು 160 ಚದರಡಿ. ಅದರಲ್ಲೇ ಅಡುಗೆ, ಊಟ, ನಿದ್ರೆ. ಶೌಚಾಲಯಗಳು ಸಾಮೂಹಿಕ. ಆರಂಭದಲ್ಲಿ ಬಾಡಿಗೆ ಕಾರ್ಮಿಕರ ಕೈಗೆಟುಕದೆ ಅನೇಕ ಖೋಲಿಗಳು ಖಾಲಿ ಉಳಿದವು. 1930ರ ಸತ್ಯಾಗ್ರಹದ ಕಾಲದಲ್ಲಿ ಸರಕಾರವು ವರ್ಲಿಯ ಚಾಳುಗಳನ್ನು ತಾತ್ಕಾಲಿಕ ಸೆರೆಮನೆಯನ್ನಾಗಿಸಿ ಸತ್ಯಾಗ್ರಹಿಗಳನ್ನು ಅಲ್ಲಿ ಇರಿಸಿತು. ಕ್ರಮೇಣ ಖೋಲಿಗಳು ತುಂಬಿದವು. ಖೋಲಿಗಳ ನಡುವಿನ ಓಣಿಯೇ ಮಕ್ಕಳ ಆಟದ ಬಯಲೂ ಹಿರಿಯರ ಹರಟೆಯ ಕಟ್ಟೆಯೂ ಆಯಿತು.

ಶತಮಾನ ಸಮೀಪಿಸಿದಂತೆ ಕಟ್ಟಡಗಳು ಜೀರ್ಣವಾದವು. ಮ್ಹಾಡಾ ಸಂಸ್ಥೆಯ ಪುನರ್ವಸತಿ ಯೋಜನೆಗೆ 2017ರಲ್ಲಿ ಭೂಮಿಪೂಜೆ ನಡೆಯಿತು. ವರ್ಲಿಯ ಕಾಮಗಾರಿಗೆ 2021ರ ಆಗಸ್ಟ್ 1ರಂದು ಚಾಲನೆ ದೊರೆಯಿತು. ಹಂತಹಂತವಾಗಿ ಚಾಳುಗಳು ನೆಲಸಮವಾಗಿ ಅಲ್ಲಿ ಬಹುಮಹಡಿ ಗೋಪುರಗಳು ಎದ್ದವು. 2025ರ ಆಗಸ್ಟ್ 14ರಂದು ವರ್ಲಿಯ 556 ಕುಟುಂಬಗಳಿಗೆ ತಲಾ 500 ಚದರಡಿಯ ಮನೆಗಳ ಕೀಲಿಕೈ ದೊರೆಯಿತು.

ತಲೆಮಾರುಗಳಿಂದ ಬಾಡಿಗೆದಾರರಾಗಿದ್ದವರು ಹೀಗೆ ಸ್ವಂತ ಮನೆಯ ಒಡೆಯರಾದರು. ಸ್ವಂತ ಶೌಚಾಲಯಕ್ಕಾಗಿ ನೂರು ವರ್ಷ ಕಾದ ಸಂಸಾರಗಳಿಗೆ ಇದು ಸಣ್ಣ ಲಾಭವಲ್ಲ. ಆದರೆ ನೆರೆಹೊರೆಯನ್ನು ಒಂದೇ ಮನೆಯಂತೆ ಬೆಸೆದಿದ್ದ ಆ ಓಣಿಗೆ ಯಾವ ಪರಿಹಾರಪಟ್ಟಿಯಲ್ಲೂ ಸ್ಥಾನವಿಲ್ಲ.