ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ

ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿಸಿದ್ದು ಯಾರು ಎಂದು ಕೇಳಿದರೆ ಹಳ್ಳಿಮೈಸೂರಿನ ಪ್ರೈಮರಿ ಶಾಲೆ ಮಕ್ಕಳೂ ವಿಷ್ಣುವರ್ಧನ ಎನ್ನುತ್ತಾರೆ. 1117 ಎಂಬ ಇಸವಿ ಕೂಡ ಕೆಲವರಿಗೆ ಬಾಯಿಪಾಠ. ಈಗ ಅದೇ ಮಕ್ಕಳು ಕೂತು ಪಾಠ ಕೇಳುವ ಕಟ್ಟಡದ ಬಗ್ಗೆ ಕೇಳಿ ನೋಡಿ. ಅದು ಯಾವ ವರ್ಷದ್ದು? ಪ್ಲಾನ್ ಬರೆದವರು ಯಾರು? ಕಿಟಕಿ ಆ ದಿಕ್ಕಿಗೇ ಏಕೆ ಇಟ್ಟರು? ಮೇಷ್ಟ್ರಿಗೂ ಉತ್ತರ ಹೇಳುವುದು ಕಷ್ಟ.

ಒಂಬೈನೂರು ವರ್ಷದ ಹಿಂದಿನ ಸಂಗತಿ ನಮಗೆ ಗೊತ್ತು, ಎಪ್ಪತ್ತು ವರ್ಷದ ಹಿಂದಿನದು ಗೊತ್ತಿಲ್ಲ. ಗುಡಿಗಳ ಬಗ್ಗೆ ಬರೆದ ಪುಸ್ತಕಗಳನ್ನು ಯಾರೋ ಜೋಪಾನ ಮಾಡಿಟ್ಟರು. ನಮ್ಮ ಕಾಲದ ಕಟ್ಟಡಗಳ ಬಗ್ಗೆ ಅಚ್ಚಾದ ಪುಸ್ತಕ, ಪತ್ರಿಕೆ, ನಕ್ಷೆಗಳನ್ನು ಕೆಜಿ ಲೆಕ್ಕದಲ್ಲಿ ತೂಕಕ್ಕೆ ಹಾಕಿದೆವು. ವ್ಯತ್ಯಾಸ ಅಷ್ಟೇ.

ಗುಡಿಗೆ ಪುಸ್ತಕ ಸಿಕ್ಕಿತ್ತು

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಾಸನ ಜಿಲ್ಲೆ ಸಂಪುಟ ಬಂದದ್ದು 1902ರಲ್ಲಿ. ಜಿಲ್ಲೆಯ ತಾಲ್ಲೂಕು ತಾಲ್ಲೂಕಿನ ಶಾಸನಗಳನ್ನು ಓದಿ, ನಕಲು ಮಾಡಿ, ಅಚ್ಚು ಹಾಕಿಸಿದ ಪುಸ್ತಕ ಅದು. ಆಮೇಲೆ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಒಂದೊಂದು ಗುಡಿಗೆ ಒಂದೊಂದು ಪುಸ್ತಕ ತಂದರು. ಸೋಮನಾಥಪುರದ್ದು 1917ರಲ್ಲಿ, ಬೇಲೂರಿನದು ಮತ್ತು ಹಾಸನದ ಪಕ್ಕದ ದೊಡ್ಡಗದ್ದವಳ್ಳಿಯದು 1919ರಲ್ಲಿ. ನಕ್ಷೆ, ಫೋಟೋ, ಅಳತೆ ಎಲ್ಲ ಅವುಗಳಲ್ಲಿದ್ದವು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದಾಗ ಎಲ್ಲರೂ ಸಂಭ್ರಮಪಟ್ಟೆವು. ಆ ಗೌರವದ ಹಿಂದೆ ನೂರು ವರ್ಷದ ಇಂಥ ಬರವಣಿಗೆಯೂ ಇದೆ. ಏನಿದೆ ಎಂದು ಬರೆದಿಟ್ಟವರು ಇದ್ದುದರಿಂದಲೇ ಏನನ್ನು ಕಾಪಾಡಬೇಕು ಎಂಬುದು ತಿಳಿಯಿತು.

ಸಿಮೆಂಟು ಬಂದ ಕಾಲ

ಆಧುನಿಕ ವಾಸ್ತುಶಿಲ್ಪ ಎಂದ ಕೂಡಲೇ ಬಾಗಿಲು ಯಾವ ದಿಕ್ಕಿಗಿರಬೇಕು ಎನ್ನುವ ವಾಸ್ತು ನೆನಪಾಗಬಹುದು. ಇದು ಅದಲ್ಲ. ಕಬ್ಬಿಣ, ಸಿಮೆಂಟು, ಗಾಜು ಬಂದ ಮೇಲೆ, ಹಳೇ ಅಲಂಕಾರ ಬಿಟ್ಟು, ಕಟ್ಟಡ ಯಾವ ಕೆಲಸಕ್ಕೆ ಬೇಕೋ ಆ ಕೆಲಸಕ್ಕೆ ಒಪ್ಪುವಂತೆ ಕಟ್ಟುವ ರೀತಿ ಇದು. ಇಪ್ಪತ್ತನೇ ಶತಮಾನದಲ್ಲಿ ಜಗತ್ತಿನ ತುಂಬ ಹರಡಿತು. ನಮ್ಮ ಬಸ್ ಸ್ಟ್ಯಾಂಡು, ಆಸ್ಪತ್ರೆ, ಕಾಲೇಜು, ಆರ್‌ಸಿಸಿ ಮನೆ ಎಲ್ಲವೂ ಅದರ ಮಕ್ಕಳು ಮೊಮ್ಮಕ್ಕಳು.

ನಮ್ಮ ಕಡೆ ಈ ಬದಲಾವಣೆ ಮೆಲ್ಲಗೆ ಬಂತು. ಮಣ್ಣಿನ ಗೋಡೆಯ ತೊಟ್ಟಿಮನೆಗಳ ಮೇಲೆ ನಾಡಹೆಂಚು ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಬಂತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಸಿಮೆಂಟಿನಲ್ಲಲ್ಲ. ಅಲ್ಲಿಂದ ಮುಂದೆ ಮೂವತ್ತು ನಲವತ್ತು ವರ್ಷದಲ್ಲಿ ಸಿಮೆಂಟು ಎಲ್ಲ ಕಡೆ ಕಾಲಿಟ್ಟಿತು. ಈ ಅವಧಿಯಲ್ಲಿ ಅಚ್ಚಾದ ಪುಸ್ತಕ ಪತ್ರಿಕೆಗಳೇ ಇವತ್ತು ಅಪರೂಪದವು.

ಬರ್ಲಿನ್‌ನಿಂದ ಮೈಸೂರು ಸಂಸ್ಥಾನಕ್ಕೆ

ಈ ಕಥೆಯಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ದೊಡ್ಡ ಪಾತ್ರವಿದೆ. ಆಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಯಹೂದಿ ಮೂಲದವರು ಎಂಬ ಕಾರಣಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋದರು. ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಟಾಟಾ ಇನ್‌ಸ್ಟಿಟ್ಯೂಟಿನ ಹಲವು ಕಟ್ಟಡಗಳು ಅವರ ಕೈಯವು. ಭದ್ರಾವತಿ ಪಟ್ಟಣಕ್ಕೂ ಪ್ಲಾನ್ ಹಾಕಿಕೊಟ್ಟರು. ಮುಂದೆ ಜಮ್‌ಶೆಡ್‌ಪುರ, ಭುವನೇಶ್ವರದ ನಗರ ಯೋಜನೆ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದಲ್ಲಿ ವಸತಿ ನಿರ್ದೇಶಕರಾದರು. 1951ರಲ್ಲಿ ಇಂಗ್ಲೆಂಡಿಗೆ ಹೋಗಿ, ಬಿಸಿಲ ದೇಶಗಳಲ್ಲಿ ಕಟ್ಟಡ ಹೇಗಿರಬೇಕು ಎಂದು ಪಾಠ ಹೇಳಿದರು. ಬಿಸಿಲು, ಗಾಳಿ, ನೆರಳಿನ ಲೆಕ್ಕ ಇಟ್ಟು ಮನೆ ಕಟ್ಟುವ ಬಗ್ಗೆ ಅವರು ಇತರ ಮೂವರ ಜೊತೆ ಸೇರಿ ಬರೆದ ಪಠ್ಯಪುಸ್ತಕ 1974ರಲ್ಲಿ ಬಂತು. ಇವತ್ತಿಗೂ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಅದನ್ನು ಓದುತ್ತಾರೆ. ಮೈಸೂರು ಸೀಮೆಯ ಬಿಸಿಲು ಮಳೆ ಕಲಿಸಿದ ಪಾಠ ಅದರಲ್ಲೂ ಸೇರಿದೆ ಎಂದರೆ ತಪ್ಪಾಗದು.

ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ಬೆಂಗಳೂರಿನವರಿಗೇ ಬಹಳ ಕಾಲ ಮರೆತುಹೋಗಿತ್ತು. ಈಚಿನ ವರ್ಷಗಳಲ್ಲಿ ರೇಚಲ್ ಲೀ ಎಂಬ ಸಂಶೋಧಕಿ ಅವರ ಭಾರತದ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದರು. ಇಂಥ ಕೆಲಸ ಮಾಡಬೇಕಾದರೆ ಹಳೇ ಪತ್ರ, ನಕ್ಷೆ, ಪತ್ರಿಕೆಗಳು ಎಲ್ಲಾದರೂ ಒಂದು ಕಡೆ ಉಳಿದಿರಲೇಬೇಕು.

‘ಮಾರ್ಗ್’ ಎಂಬ ಪತ್ರಿಕೆ

ಹಾಗೆ ಉಳಿದ ಪತ್ರಿಕೆಗಳಲ್ಲಿ ಮುಖ್ಯವಾದದ್ದು ‘ಮಾರ್ಗ್’. 1946ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಸಂಪಾದಕರು ಕಾದಂಬರಿಕಾರ ಮುಲ್ಕ್ ರಾಜ್ ಆನಂದ್. ಹೆಸರಿಗೆ ದಾರಿ ಎಂಬ ಅರ್ಥವಿದೆ, ಜೊತೆಗೆ ‘ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್’ ಎಂಬುದರ ಮೊದಲ ಅಕ್ಷರಗಳೂ ಹೌದು. ಆ ಗುಂಪಿನಲ್ಲಿ ನಮ್ಮ ಕೋನಿಗ್ಸ್‌ಬರ್ಗರ್ ಇದ್ದರು, ಶ್ರೀಲಂಕಾದ ಮಿನೆಟ್ ಡಿ ಸಿಲ್ವಾ ಎಂಬ ಹೆಣ್ಣುಮಗಳೂ ಇದ್ದರು. ಹೊಸ ದೇಶಕ್ಕೆ ಎಂಥ ಊರು, ಎಂಥ ಮನೆ ಬೇಕು ಎಂಬ ಚರ್ಚೆ ಅದರಲ್ಲಿ ನಡೆಯಿತು. ಸ್ವಾತಂತ್ರ್ಯ ಬರಲು ಇನ್ನೂ ವರ್ಷವಿದ್ದಾಗಲೇ ಶುರುವಾದ ಚರ್ಚೆ ಅದು. ಮುಂದೆ ಆ ಪತ್ರಿಕೆ ಕಲೆ, ಶಿಲ್ಪದ ಕಡೆ ಹೊರಳಿತು. ಅದಕ್ಕೇ ಮೊದಲ ವರ್ಷಗಳ ಸಂಚಿಕೆಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ.

ಮನೆ ಕಟ್ಟುವವರ ಪುಸ್ತಕಗಳು

ದೊಡ್ಡವರ ಪತ್ರಿಕೆಗಳನ್ನು ದೊಡ್ಡ ಲೈಬ್ರರಿಗಳಾದರೂ ಕೊಂಡಿದ್ದವು. ಸಾಮಾನ್ಯರ ಪುಸ್ತಕಗಳ ಪಾಡು ಇನ್ನೂ ಕಷ್ಟ. ಪುಣೆಯ ಇಂಜಿನಿಯರ್ ಆರ್.ಎಸ್. ದೇಶಪಾಂಡೆ 1930ರ ದಶಕದಲ್ಲಿ ಮಧ್ಯಮ ವರ್ಗದವರು ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕಿನ ಮನೆ ಕಟ್ಟಿಕೊಳ್ಳುವ ಬಗ್ಗೆ ಒಂದಾದ ಮೇಲೊಂದು ಇಂಗ್ಲಿಷ್ ಪುಸ್ತಕ ಬರೆದರು. ಅಡಿಗೆಮನೆ ಎಲ್ಲಿ, ಹೊಗೆ ಎಲ್ಲಿಂದ ಹೋಗಬೇಕು, ಕಕ್ಕಸು ಎಲ್ಲಿರಬೇಕು ಎಂಬುದನ್ನೆಲ್ಲ ಪ್ಲಾನ್ ಸಮೇತ ಕೊಟ್ಟರು. ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆ ಸಿಮೆಂಟಿನ ಪ್ರಚಾರಕ್ಕೆ ಫೋಟೋ ತುಂಬಿದ ಪುಸ್ತಕಗಳನ್ನು ಹೊರತಂದಿತು.

ಇಂಥವು ಓವರ್‌ಸೀಯರ್, ಮೇಸ್ತ್ರಿ, ಕಂಟ್ರಾಕ್ಟರ್ ಮನೆಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಗಾರೆ ಮೆತ್ತಿದ ಕೈಯಲ್ಲಿ ತಿರುವಿ ಹಾಳೆ ಹರಿದಿರುತ್ತದೆ. ಯಜಮಾನರು ತೀರಿಕೊಂಡ ಮೇಲೆ ಇಂಗ್ಲಿಷ್ ಪುಸ್ತಕ ಯಾರಿಗೆ ಬೇಕು ಎಂದು ತೂಕಕ್ಕೆ ಹೋಗುತ್ತವೆ. ಆದರೆ ನಮ್ಮ ಅಜ್ಜಂದಿರ ಕಾಲದ ಮನೆಯಲ್ಲಿ ತೊಟ್ಟಿ ಹೋಗಿ ಹಾಲ್ ಹೇಗೆ ಬಂತು, ಹಿತ್ತಲಿನ ಬಚ್ಚಲು ಒಳಗೆ ಹೇಗೆ ಬಂತು ಎಂಬ ಚರಿತ್ರೆ ಇರುವುದು ಅವುಗಳಲ್ಲೇ.

ಅಪರೂಪ ಆಗುವುದು ಹೇಗೆ

ಪುಸ್ತಕ ಹಳೆಯದಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ಪ್ರತಿಗಳು ನಾಶವಾಗಬೇಕು, ಕೇಳುವವರು ಇರಬೇಕು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅವರ ನಕ್ಷೆಗಳ ದೊಡ್ಡ ಸಂಪುಟ 1910ರ ಹೊತ್ತಿಗೆ ಬರ್ಲಿನ್‌ನಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಮಾರಲು ಅವರ ಮನೆಯಲ್ಲಿ ಇಟ್ಟಿದ್ದ ಪ್ರತಿಗಳಲ್ಲಿ ಹೆಚ್ಚಿನವು 1914ರ ಬೆಂಕಿಯಲ್ಲಿ ಹೋದವು. ಉಳಿದ ಪ್ರತಿಗಳಿಗೆ ಬೆಲೆ ಬಂತು.

ಪತ್ರಿಕೆಗಳ ಕಥೆ ಬೇರೆ. ಓದಿ ಎಸೆಯುವುದೇ ರೂಢಿ. ಲೈಬ್ರರಿಗಳು ಬೈಂಡ್ ಮಾಡಿಸುವಾಗ ಎಷ್ಟೋ ಸಲ ಹೊದಿಕೆ, ಜಾಹೀರಾತು ಕಿತ್ತುಹಾಕಿದವು. ಸಿಮೆಂಟ್ ಚೀಲದ ಬೆಲೆ ಎಷ್ಟಿತ್ತು, ಫ್ಯಾನು ಬಲ್ಬು ಮಾರುವವರು ಏನೆಂದು ಹೊಗಳಿಕೊಳ್ಳುತ್ತಿದ್ದರು ಎಂಬುದು ತಿಳಿಯುವುದು ಆ ಜಾಹೀರಾತುಗಳಿಂದಲೇ. ಹಾಗಾಗಿ ಹೊದಿಕೆ, ಜಾಹೀರಾತು ಎಲ್ಲ ಇರುವ ಬಿಡಿ ಸಂಚಿಕೆಗೆ ಬೈಂಡ್ ಆದದ್ದಕ್ಕಿಂತ ಹೆಚ್ಚು ಮರ್ಯಾದೆ.

ನಮ್ಮಲ್ಲಿ ಗುಜರಿಯಾದದ್ದು ಹೊರಗೆ ಹೋಗಿ ಚಿನ್ನವಾದ ಉದಾಹರಣೆ ಚಂಡೀಗಢದ ಕುರ್ಚಿಗಳು. 1950ರ ದಶಕದಲ್ಲಿ ಲೆ ಕಾರ್ಬುಸಿಯೆ ಮತ್ತು ಪಿಯರ್ ಜಾನ್ನರೆ ಆ ನಗರ ಕಟ್ಟುವಾಗ ಸರ್ಕಾರಿ ಕಚೇರಿಗಳಿಗೆ ತೇಗದ ಕುರ್ಚಿ ಮೇಜು ಮಾಡಿಸಿದ್ದರು. ಹಳೆಯದಾದವೆಂದು ಕಚೇರಿಗಳು ಚಿಲ್ಲರೆ ಕಾಸಿಗೆ ಹರಾಜು ಹಾಕಿದವು. ಅವೇ ಕುರ್ಚಿಗಳು ಪ್ಯಾರಿಸ್, ನ್ಯೂಯಾರ್ಕ್ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. 2011ರಲ್ಲಿ ಕೇಂದ್ರ ಸರ್ಕಾರ ಇನ್ನು ಮಾರಬೇಡಿ ಎಂದು ತಡೆಯಿತು. ಅಷ್ಟರಲ್ಲಿ ಎಷ್ಟೋ ಹಡಗು ಹತ್ತಿಯಾಗಿತ್ತು.

ಉಳಿಸಿದವರೂ ಇದ್ದಾರೆ

ಸಂಗ್ರಹ ಎಂದರೆ ಶ್ರೀಮಂತರ ಹವ್ಯಾಸ ಅಂದುಕೊಳ್ಳುವುದು ಬೇಡ. ನಮ್ಮ ಪಕ್ಕದ ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಪಾಲನ್ನು ಪುಸ್ತಕಕ್ಕೇ ಹಾಕಿದರು. ಹರಳಹಳ್ಳಿಯ ಅವರ ‘ಪುಸ್ತಕ ಮನೆ’ಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ಪುಸ್ತಕಗಳಿವೆ, ಹಳೇ ಪತ್ರಿಕೆಗಳ ರಾಶಿಯೇ ಇದೆ. ಯಾರು ಬೇಕಾದರೂ ಹೋಗಿ ನೋಡಬಹುದು. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಬೆಂಗಳೂರಿನಲ್ಲಿ 1945ರಲ್ಲಿ ಕೆ.ಬಿ.ಕೆ. ರಾವ್ ತೆರೆದ ಸೆಲೆಕ್ಟ್ ಬುಕ್ ಶಾಪ್ ಹಳೇ ಪುಸ್ತಕ ಹುಡುಕುವವರಿಗೆ ಹೆಸರಾದ ಜಾಗ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಇಂಜಿನಿಯರಿಂಗ್ ಪುಸ್ತಕಗಳ ರಾಶಿಯಲ್ಲಿ ಹುಡುಕುವ ತಾಳ್ಮೆ ಇದ್ದವರಿಗೆ ಒಮ್ಮೊಮ್ಮೆ ಒಳ್ಳೆಯದೇ ಸಿಗುತ್ತದೆ. ಇನ್ನು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ತಂಡ ಹಳೇ ಕನ್ನಡ ಪುಸ್ತಕಗಳನ್ನೂ ಸೇರಿಸಿ ಸಾವಿರಾರು ಪುಸ್ತಕ ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿದೆ. ಫೋನಿನಲ್ಲೇ ಬಿಟ್ಟಿಯಾಗಿ ಓದಬಹುದು.

ನಮ್ಮ ಜಿಲ್ಲೆಗೆ ಇದು ಏಕೆ ಬೇಕು

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿ ಚರ್ಚು ಮಾತ್ರ ನೀರು ಇಳಿದಾಗ ಮೇಲೆ ಕಾಣುತ್ತದೆ, ಜನ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮುಳುಗಿದ ಊರುಗಳ ಜಗಲಿ, ಕೊಟ್ಟಿಗೆ, ತೊಟ್ಟಿಮನೆ ಹೇಗಿದ್ದವು ಎಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ಏನಿದೆ? ಪರಿಹಾರದ ಕಾಗದದಲ್ಲಿ ಬರೆದ ಮನೆಯ ಅಳತೆ, ಮದುವೆ ಫೋಟೋದ ಹಿಂದೆ ಕಂಡ ಗೋಡೆ, ಯಾರದೋ ಪೆಟ್ಟಿಗೆಯಲ್ಲಿ ಮಡಚಿಟ್ಟ ನಕ್ಷೆ. ಅವೂ ಹೋದರೆ ಆ ಊರು ಎರಡನೇ ಸಲ ಮುಳುಗಿದ ಹಾಗೆ.

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಪಿಡಬ್ಲ್ಯುಡಿಯಲ್ಲೋ ನೀರಾವರಿ ಇಲಾಖೆಯಲ್ಲೋ ದುಡಿದು ರಿಟೈರ್ ಆದವರ ಮನೆಗಳು ಎಷ್ಟೋ ಇವೆ. ಅಟ್ಟ ಖಾಲಿ ಮಾಡುವಾಗ ಸ್ವಲ್ಪ ನಿಧಾನಿಸಿ. ಕಟ್ಟಡದ ಫೋಟೋ, ಮಡಚಿದ ನಕ್ಷೆ, ಇಂಜಿನಿಯರಿಂಗ್ ಪತ್ರಿಕೆ, ಸಿಮೆಂಟ್ ಕಂಪನಿಯ ಕ್ಯಾಲೆಂಡರು ಕಂಡರೆ ಬೇರೆ ತೆಗೆದಿಡಿ. ಮೊದಲ ಪುಟದಲ್ಲಿ ಇಸವಿ, ಅಚ್ಚು ಹಾಕಿದವರ ಹೆಸರು ನೋಡಿ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಅಂಟು ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ನೂ ಬೇಡ. ನೆಲಕ್ಕೆ, ಗೋಡೆಗೆ ತಾಗದಂತೆ ಒಣ ಜಾಗದಲ್ಲಿಟ್ಟರೆ ಗೆದ್ದಲಿನ ಕಾಟ ಕಡಿಮೆ. ತಾಳೆಗರಿಗೆ ಹಿರಿಯರು ಇಡುತ್ತಿದ್ದ ಬಜೆ, ಬೇವಿನ ಸೊಪ್ಪು ಇವಕ್ಕೂ ಆಗುತ್ತದೆ.

ಫೋನಿನಲ್ಲಿ ಪುಟಪುಟವೂ ಫೋಟೋ ತೆಗೆದಿಡಿ. ಸರ್ಕಾರ ಪ್ರಕಟಿಸಿದ ಪುಸ್ತಕವಾದರೆ ಅಚ್ಚಾಗಿ 60 ವರ್ಷ ಕಳೆದ ಮೇಲೆ ಕಾಪಿರೈಟ್ ಇರುವುದಿಲ್ಲ, ಎಲ್ಲರಿಗೂ ಹಂಚಬಹುದು. ಮನೆಯಲ್ಲಿ ಇಡಲು ಜಾಗವಿಲ್ಲದಿದ್ದರೆ ಊರ ಲೈಬ್ರರಿಗೋ ಹಾಸನದ ಇಂಜಿನಿಯರಿಂಗ್ ಕಾಲೇಜಿಗೋ ಬೇಕೇ ಎಂದು ಮೊದಲು ಕೇಳಿ. ಬೇಡ ಎಂದರೆ ಹರಳಹಳ್ಳಿಯಂಥ ಮನೆಗಳಿವೆ. ಗುಜರಿಯವನು ನಾಳೆಯೂ ಬರುತ್ತಾನೆ, ಅವನಿಗೆ ಕೊಡಲು ಹಳೇ ಬಕೆಟ್ಟು ಸಾಕು.