ಎರವಲು ಕತೆ, ನಮ್ಮನೆ ಮಾತು

"ಪುಟ್ಟಕ್ಕನ ಮಕ್ಕಳು" ತೆಲುಗಿನ ಕತೆಯಂತೆ, "ಜೊತೆ ಜೊತೆಯಲಿ" ಮರಾಠಿಯದ್ದಂತೆ, "ಅಮೃತಧಾರೆ" ಹಿಂದಿದಂತೆ. ಹಂಗಾದ್ರೆ ನಮ್ಮದು ಅಂತ ಏನೈತ್ರೀ? ನಮ್ಮ ಕೆ.ಬಿ. ಬಡಾವಣೆಯ ಕಟ್ಟೆ ಮಾತಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತೆ. ಒಬ್ಬರು "ಎಲ್ಲಾ ಎರವಲು ಮಾಲು" ಅಂತಾರೆ. ಇನ್ನೊಬ್ಬರು "ಸೀರೆ ಎಲ್ಲಿ ನೇಯ್ದರೇನು, ಉಟ್ಟಾಕಿಗೆ ಒಪ್ಪಿದ್ರೆ ಸಾಕು" ಅಂತಾರೆ. ಈ ಜಗಳಕ್ಕೆ ನಲವತ್ತು ವರ್ಷದ ಇತಿಹಾಸ ಐತೆ, ಅದು ಮೆಕ್ಸಿಕೋ ತನಕ ಹೋಗುತ್ತೆ ಅಂದ್ರೆ ನಂಬ್ತೀರಾ? ಕುಕ್ಕರ್ ಕೂಗೋದ್ರೊಳಗೆ ಓದಿ ಮುಗಿಸೋ ಹಂಗೆ ಹೇಳ್ತೀನಿ, ಕೇಳ್ರಿ.

ಸ್ಪ್ಯಾನಿಷ್ ಮಾತಾಡೋ ದೇಶಗಳಲ್ಲಿ, ಅಂದ್ರೆ ಮೆಕ್ಸಿಕೋ, ಕೊಲಂಬಿಯಾ, ಪೆರು ಕಡೆ, ದಿನಾ ಸಂಜೆ ಬರೋ ಧಾರಾವಾಹಿಗೆ ಟೆಲಿನೊವೆಲಾ ಅಂತಾರೆ. ಬಡ ಹುಡುಗಿ, ಶ್ರೀಮಂತ ಮನೆ, ಮುಚ್ಚಿಟ್ಟ ಗುಟ್ಟು, ಅತ್ತೆಯ ಕಣ್ಣು, ಎಲ್ಲಾ ಅಲ್ಲೂ ಅದಾವೆ. ನಮ್ಮದಕ್ಕೂ ಅವರದಕ್ಕೂ ಮುಖ್ಯ ವ್ಯತ್ಯಾಸ ಒಂದೇ: ಅವರದು ಮುಗಿಯುತ್ತೆ. ಕೆಲವು ತಿಂಗಳಲ್ಲಿ ಗಂಟು ಬಿಚ್ಚಿ, ಮದುವೆ ಮಾಡಿ, ಕೆಟ್ಟವರಿಗೆ ಶಿಕ್ಷೆ ಕೊಟ್ಟು ಪರದೆ ಎಳೀತಾರೆ.

ಮೆಕ್ಸಿಕೋದಲ್ಲಿ ಮಿಗೆಲ್ ಸಾಬಿದೋ ಅನ್ನೋರು 1970ರ ದಶಕದಲ್ಲಿ ಈ ಕತೆಗಳೊಳಗೇ ಅಕ್ಷರ ಕಲಿಯೋದು, ಕುಟುಂಬ ಯೋಜನೆ ಇಂಥ ವಿಷಯ ಸೇರಿಸಿದರು. ನಮ್ಮ ಕೇಂದ್ರ ಸರ್ಕಾರದ ಆಗಿನ ವಾರ್ತಾ ಸಚಿವ ವಸಂತ ಸಾಠೆ ಮೆಕ್ಸಿಕೋಕ್ಕೆ ಹೋಗಿ ಬಂದ ಮ್ಯಾಲೆ ಆ ಮಾದರಿ ಇಲ್ಲಿಗೂ ಬಂತು. ಅದೇ "ಹಮ್ ಲೋಗ್". 1984ರ ಜುಲೈ 7ಕ್ಕೆ ದೂರದರ್ಶನದಲ್ಲಿ ಶುರುವಾಯ್ತು. ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಬುದ್ಧಿಮಾತು ಹೇಳ್ತಿದ್ರು.

ಮೊದಮೊದಲು ಅದು ಜನಕ್ಕೆ ಹಿಡಿಸಲಿಲ್ಲ. ಕುಟುಂಬ ಯೋಜನೆಯ ಪಾಠವೇ ಜಾಸ್ತಿಯಾಗಿ ನೋಡೋರು ಬೇಸತ್ತರು. ಆಮ್ಯಾಲೆ ಪಾಠ ಕಮ್ಮಿ ಮಾಡಿ, ಕುಡುಕ ಅಪ್ಪ, ಸೋತು ಸುಣ್ಣವಾದ ಅವ್ವ, ಮದುವೆಗೆ ಬಂದ ದೊಡ್ಡ ಮಗಳು, ಇವರ ಬದುಕು ಮುಂದೆ ತಂದ್ರು. ಆಗ ಹಿಡೀತು ನೋಡ್ರಿ. ನೋಡಿದ ಜನ ಬರೆದ ಕಾಗದ 4 ಲಕ್ಷ ಅಂತ ಲೆಕ್ಕ ಸಿಗುತ್ತೆ. ಮೆಕ್ಸಿಕೋದಿಂದ ಬಂದದ್ದು ಮಾದರಿ ಮಾತ್ರ, ಒಳಗಿನ ಮನೆ ನಮ್ಮ ದೇಶದ್ದಾಯ್ತು. ಇದೇ ಮೊದಲ ಪಾಠ.

ಆದರೆ ಆ ಮನೆ ಹಿಂದಿ ಮಾತಾಡೋ ಮನೆ. ದಾವಣಗೆರೆಯ ನಮ್ಮಂಥ ಮನೆಗಳಲ್ಲಿ ಅವ್ವಂದಿರಿಗೆ ಹಿಂದಿ ಎಲ್ಲಿ ಬರುತ್ತೆ? ನಮ್ಮ ಓಣಿಯಲ್ಲಿ ಟೀವಿ ಮುಂದೆ ಚಾಪೆ ಹಾಸಿ ಕೂತದ್ದು "ರಾಮಾಯಣ"ದ ಕಾಲಕ್ಕೆ. 1987ರ ಜನವರಿಯಿಂದ ಪ್ರತಿ ಭಾನುವಾರ ಬೆಳಗ್ಗೆ. ನಮ್ಮಜ್ಜಿಗೆ ಒಂದು ಹಿಂದಿ ಶಬ್ದ ತಿಳೀತಿರಲಿಲ್ಲ, ಆದ್ರೂ ಕೈಕೇಯಿ ಬಾಯಿ ತೆಗೆಯೋ ಮೊದಲೇ ಬೈಯೋಕೆ ಶುರು ಮಾಡ್ತಿದ್ಲು. ಕತೆ ಮೊದಲೇ ಮನೆಯೊಳಗೆ ಇತ್ತು, ಅದಕ್ಕೇ ಭಾಷೆ ಅಡ್ಡ ಬರಲಿಲ್ಲ. ಮುಂದೆ "ಮಹಾಭಾರತ"ಕ್ಕೂ ಹಂಗೇ ಆಯ್ತು. ಮನೆಯೊಳಗೆ ಇಲ್ಲದ ಕತೆಗೆ ಮಾತ್ರ ಮನೆಯ ಮಾತು ಬೇಕೇ ಬೇಕು.

ಆ ಮಾತು ಬಂದದ್ದು ನಿಧಾನಕ್ಕೆ. 1994ರಲ್ಲಿ ಉದಯ ಟೀವಿ ಬಂತು. 1998ರಲ್ಲಿ ದೂರದರ್ಶನದಲ್ಲಿ "ಮಾಯಾಮೃಗ" ಬಂತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಕೂಡಿ ಮಾಡಿದ್ದು. ಅದು ಬರೋ ಹೊತ್ತಿಗೆ ನೀರು ಹಿಡಿಯೋದೂ ಮುಂದಕ್ಕೆ ಹೋಗ್ತಿತ್ತು. ಎರವಲಿಲ್ಲದ ಕನ್ನಡದ್ದೇ ಕತೆ, ಕನ್ನಡದ ಮಧ್ಯಮ ವರ್ಗದ ಮನೆ. 2000ದ ಕೊನೆಗೆ ಈಟಿವಿ ಕನ್ನಡ ಶುರುವಾಗಿ ಸೀತಾರಾಮ್ ಅವರ "ಮನ್ವಂತರ", "ಮುಕ್ತ" ಬಂದವು. ನಗೋಕೆ "ಪಾಪ ಪಾಂಡು", "ಸಿಲ್ಲಿ ಲಲ್ಲಿ" ಇದ್ದವು.

ಈಗ 2006ಕ್ಕೆ ಬರ್ರಿ. ಆ ವರ್ಷ ಮೇ ತಿಂಗಳಲ್ಲಿ ಇಲ್ಲಿ ಜೀ ಕನ್ನಡ ಶುರುವಾಯ್ತು. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಅಮೆರಿಕದಲ್ಲಿ ಮೈನೆಟ್‌ವರ್ಕ್‌ಟೀವಿ ಅನ್ನೋ ಹೊಸ ಚಾನೆಲ್ ಜಾಲ ಶುರುವಾಯ್ತು. ಅದು ಹುಟ್ಟಿದ್ದೇ ಅವಸರದಲ್ಲಿ. ಅಲ್ಲಿ ಡಬ್ಲ್ಯೂಬಿ, ಯುಪಿಎನ್ ಅಂತ ಎರಡು ಜಾಲ ಇದ್ದವು. ಎರಡನ್ನೂ ಮುಚ್ಚಿ ಒಂದು ಮಾಡ್ತೀವಿ ಅಂತ ಜನವರಿಯಲ್ಲಿ ಹೇಳಿದರು. ಫಾಕ್ಸ್ ಕಂಪನಿಯ ಊರೂರಿನ ಸ್ಟೇಷನ್‌ಗಳು ಆ ಹೊಸ ಜಾಲದಿಂದ ಹೊರಗುಳಿದವು. ಸಂಜೆ ಹೊತ್ತಿಗೆ ಹಾಕೋಕೆ ಏನೂ ಇಲ್ಲ. ಆಗ ಅವರಿಗೆ ಹೊಳೆದದ್ದು ಟೆಲಿನೊವೆಲಾ. ಸ್ಪ್ಯಾನಿಷ್‌ನಲ್ಲಿ ಗೆದ್ದ ಕತೆ ತಂದು, ಇಂಗ್ಲಿಷಿನಲ್ಲಿ ತೆಗೆದು, ಕಮ್ಮಿ ಖರ್ಚಿನಲ್ಲಿ ದಿನಾ ಹಾಕೋದು ಅಂತ.

"ಡಿಸೈರ್", "ಫ್ಯಾಶನ್ ಹೌಸ್" ಅಂತ ಎರಡು ಶುರು ಮಾಡಿದರು. ಒಂದು ಕೊಲಂಬಿಯಾದ ಕತೆ, ಇನ್ನೊಂದು ಕ್ಯೂಬಾದ್ದು. ಒಂದೊಂದಕ್ಕೂ 65 ಕಂತು, 13 ವಾರಕ್ಕೆ ಮುಕ್ತಾಯ. ವಾರದಲ್ಲಿ ಐದು ದಿನ ಕಂತು, ಶನಿವಾರ ಆ ವಾರದ ಕತೆಯ ಸಾರಾಂಶ. "ಫ್ಯಾಶನ್ ಹೌಸ್"ನಲ್ಲಿ ಬೋ ಡೆರೆಕ್, ಮಾರ್ಗನ್ ಫೇರ್‌ಚೈಲ್ಡ್ ಅಂಥ ಹೆಸರಾದ ನಟಿಯರೂ ಇದ್ದರು. ಆದ್ರೂ ನೂರು ಮನೆಗೆ ಹೆಚ್ಚುಕಮ್ಮಿ ಒಂದು ಮನೆಯವರು ನೋಡಿದರೆ ಹೆಚ್ಚು ಅನ್ನೋ ಸ್ಥಿತಿ. ಡಿಸೆಂಬರಿಗೆ ಇನ್ನೆರಡು ಕತೆ, ಮಾರ್ಚಿಗೆ ಮತ್ತೆರಡು. ಆ ಹೊತ್ತಿಗೆ ದಿನಾ ಹಾಕೋದೂ ನಿಂತಿತ್ತು. 2007 ಮುಗಿಯೋದ್ರೊಳಗೆ ಟೆಲಿನೊವೆಲಾದ ಕೈ ಬಿಟ್ಟರು.

ಹಂಗಾದ್ರೆ ಅಮೆರಿಕದವರಿಗೆ ಇಂಥ ಕತೆ ರುಚಿಸಲ್ಲ ಅಂತ ಅರ್ಥನಾ? ಅಲ್ಲವೇ ಅಲ್ಲ. ಅದೇ 2006ರ ಸೆಪ್ಟೆಂಬರ್ ಕೊನೆಗೆ ಎಬಿಸಿ ಚಾನೆಲ್ಲಿನಲ್ಲಿ "ಅಗ್ಲಿ ಬೆಟ್ಟಿ" ಶುರುವಾಯ್ತು. ಅದೂ ಎರವಲೇ. ಮೂಲ 1999ರಲ್ಲಿ ಕೊಲಂಬಿಯಾದಲ್ಲಿ ಫರ್ನಾಂಡೋ ಗೈತಾನ್ ಬರೆದ ಬೆಟ್ಟಿಯ ಕತೆ. ಸೋಡಾ ಗ್ಲಾಸಿನ ಕನ್ನಡಕ, ಹಲ್ಲಿಗೆ ತಂತಿ, ಬುದ್ಧಿ ಮಾತ್ರ ಚುರುಕು. ಹೂಂ, ನೀವು ನೆನೆಸಿಕೊಂಡದ್ದು ಸರಿ, ನಮ್ಮ "ಜಸ್ಸಿ ಜೈಸೀ ಕೋಯಿ ನಹೀಂ" ಇದೇ ಕತೆ. ಸೋನಿಯಲ್ಲಿ 2003ರಿಂದ ಬಂದಿದ್ದು, ಮೋನಾ ಸಿಂಗ್ ಜಸ್ಸಿ ಆಗಿದ್ಲು. ಹಿಂದಿಯವರು ಬೆಟ್ಟಿಯನ್ನು ಮಧ್ಯಮ ವರ್ಗದ ಪಂಜಾಬಿ ಮನೆಯ ಮಗಳು ಮಾಡಿದರು. ಅಮೆರಿಕದವರು ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯಲ್ಲಿರೋ ಮೆಕ್ಸಿಕನ್ ಮೂಲದ ಮನೆಗೆ ಅವಳನ್ನ ತಂದಿಟ್ಟರು. ಅಪ್ಪನಿಗೆ ಆ ದೇಶದಲ್ಲಿರೋಕೆ ಸರಿಯಾದ ಕಾಗದಪತ್ರ ಇಲ್ಲ, ಅದೇ ಆ ಮನೆಯ ಹೆದರಿಕೆ. ದಿನಾ ಹಾಕಲಿಲ್ಲ, ಅಲ್ಲಿಯವರ ರೂಢಿಯಂತೆ ವಾರಕ್ಕೊಂದು ಕಂತು ಹಾಕಿದರು. 2010ರ ತನಕ ನಡೀತು, ದೊಡ್ಡ ಪ್ರಶಸ್ತಿಗಳೂ ಬಂದವು.

ಇನ್ನು ದಿನಾ ಟೆಲಿನೊವೆಲಾ ನೋಡೋ ರೂಢಿ ಇದ್ದೋರು? ಅಮೆರಿಕದಲ್ಲೇ ಸ್ಪ್ಯಾನಿಷ್ ಮಾತಾಡೋ ಮನೆಯವರು. ಅವರಿಗೆ ಯುನಿವಿಷನ್ ಅನ್ನೋ ಸ್ಪ್ಯಾನಿಷ್ ಚಾನೆಲ್ ಐತೆ. ಅದೇ ವರ್ಷ ಅದರಲ್ಲಿ ಬೆಟ್ಟಿಯ ಕತೆಯ ಮೆಕ್ಸಿಕನ್ ರೂಪ ಬರ್ತಿತ್ತು. ತಾಯಿಮಾತಲ್ಲಿ ಬಿಸಿಬಿಸಿ ರೊಟ್ಟಿ ತಟ್ಟೆಯಲ್ಲಿರುವಾಗ ಇಂಗ್ಲಿಷಿನ ಆರಿದ ರೊಟ್ಟಿ ಯಾರು ಮುಟ್ತಾರೆ? ಇಂಗ್ಲಿಷಿನವರಿಗೆ ಸಂಜೆ ಹೊತ್ತು ದಿನಾ ಒಂದೇ ಕತೆಗೆ ಕೂರೋ ರೂಢಿ ಇಲ್ಲ. ಹೊಸ ಚಾನೆಲ್ಲು ಯಾವ ನಂಬರಿನಲ್ಲಿ ಬರುತ್ತೆ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಕತೆಗಳಿಗೆ ಸ್ವಂತ ಮನೇನೇ ಇರಲಿಲ್ಲ, ಅದಕ್ಕೇ ಸೋತವು.

ನಮ್ಮ ಜೀ ಕನ್ನಡವೂ ಬಂದ ತಕ್ಷಣ ಗೆಲ್ಲಲಿಲ್ಲ. ವರ್ಷಗಟ್ಟಲೆ ಉದಯ, ಈಟಿವಿಗಳ ಹಿಂದೇನೇ ಇತ್ತು. ಆದರೆ ಒಂದು ಅನುಕೂಲ ಇತ್ತು: ಸಂಜೆ ದೀಪ ಹಚ್ಚಿ, ಅನ್ನಕ್ಕಿಟ್ಟು, ಧಾರಾವಾಹಿಗೆ ಕೂರೋ ರೂಢಿ ನಮ್ಮ ಮನೆಗಳಲ್ಲಿ ಆಗಲೇ ಬೇರು ಬಿಟ್ಟಿತ್ತು. ಹೊಸ ಚಾನೆಲ್ಲಿಗೆ ಬೇಕಾಗಿದ್ದು ಒಳ್ಳೆ ಕತೆ, ತಾಳ್ಮೆ. ಅಮೆರಿಕದವರ ಹತ್ತಿರ ಎರಡನೇದು ಇರಲೇ ಇಲ್ಲ.

ಕತೆಗೆ ಮನೆ ಕಟ್ಟಿಕೊಡೋದು ಅಂದ್ರೆ ಏನು ಅಂತ ತಿಳೀಬೇಕಾದ್ರೆ "ಪುಟ್ಟಗೌರಿ ಮದುವೆ" ನೆನೆಸಿಕೊಳ್ರಿ. 2008ರಲ್ಲಿ ಹಿಂದಿಯಲ್ಲಿ ಶುರುವಾದ "ಬಾಲಿಕಾ ವಧು", ರಾಜಸ್ಥಾನದ ಬಾಲ್ಯವಿವಾಹದ ಕತೆ. 2012ರ ಕೊನೆಗೆ ಅದು ಕನ್ನಡಕ್ಕೆ ಬಂತು. ಹಿಂದಿಯ ದಾದೀಸಾ ಇಲ್ಲಿ ಅಜ್ಜಮ್ಮ ಆದಳು. ಬರೀ ಹೆಸರು ಬದಲಾದದ್ದಲ್ಲ. ದಾದೀಸಾ ದೂರದ ಹವೇಲಿಯ ಯಜಮಾನಿ, ಅಜ್ಜಮ್ಮ ನಮ್ಮ ಪಕ್ಕದ ಹಟ್ಟಿಯಲ್ಲೇ ಕೂತು ಎಲೆ ಅಡಿಕೆ ಹಾಕೋ ಮುದುಕಿ ಅನ್ನಿಸಿದಳು. ನಮ್ಮ ಸುತ್ತಿನ ಹಳ್ಳಿಗಳಲ್ಲೂ ಸಣ್ಣ ಹುಡುಗೀರ ಮದುವೆ ಕಂಡು ಕೇಳಿದ್ದೇ ಅಲ್ಲೇನ್ರೀ? ಅದಕ್ಕೇ ಆ ಕತೆ ನಮ್ಮದಾಯ್ತು. 2021ರ ಕೊನೆಗೆ ಬಂದ "ಪುಟ್ಟಕ್ಕನ ಮಕ್ಕಳು" ಕೂಡ ಹಂಗೇ. ತೆಲುಗಿನ "ರಾಧಮ್ಮ ಕೂತುರು" ಅದರ ಮೂಲ. ಗಂಡು ಮಗು ಹೆರಲಿಲ್ಲ ಅಂತ ಗಂಡ ಬಿಟ್ಟ ಹೆಂಗಸು, ಮೂವರು ಹೆಣ್ಣುಮಕ್ಕಳು. ಉಮಾಶ್ರೀ ಬಾಯಲ್ಲಿ ಹಳೇ ಮೈಸೂರು ಸೀಮೆಯ ಹಳ್ಳಿ ಮಾತು ಬಂದ ಮ್ಯಾಲೆ ಅದು ತೆಲುಗಿನದ್ದು ಅಂತ ಯಾರಿಗೆ ನೆನಪಾಗುತ್ತೆ?

ಇಷ್ಟೆಲ್ಲಾ ಕಷ್ಟ ಯಾಕೆ, ಹಿಂದಿದನ್ನೇ ಕನ್ನಡ ದನಿ ಕೊಟ್ಟು ಹಾಕಿದ್ರೆ ಆಗಲ್ವಾ ಅಂತ ಕೇಳಬಹುದು. ಅದೇ ಡಬ್ಬಿಂಗ್ ಜಗಳ. 1960ರ ದಶಕದಲ್ಲಿ ಅ.ನ.ಕೃ., ಡಾ. ರಾಜ್‌ಕುಮಾರ್ ಮೊದಲಾದವರ ಹೋರಾಟದಿಂದ ಕನ್ನಡದಲ್ಲಿ ಡಬ್ಬಿಂಗ್ ನಿಂತುಹೋಯ್ತು. ನಮ್ಮ ನಟರಿಗೆ, ತಂತ್ರಜ್ಞರಿಗೆ ಅನ್ನ ಉಳೀಲಿ ಅನ್ನೋದು ಕಾರಣ. ಅದರಿಂದಲೇ ಎರವಲು ಕತೆಯಾದರೂ ಇಲ್ಲೇ, ನಮ್ಮ ಜನರಿಂದಲೇ ಮತ್ತೆ ತೆಗೀಬೇಕಾಯ್ತು. 2012ರಲ್ಲಿ ಆಮಿರ್ ಖಾನ್ "ಸತ್ಯಮೇವ ಜಯತೆ" ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ, ಹಂಗೆ ತಡೆಯೋದು ತಪ್ಪು ಅಂತ ತೀರ್ಪು ಕೊಟ್ಟಿತು. 2020ರಲ್ಲಿ ಲಾಕ್‌ಡೌನ್ ಆಗಿ ಶೂಟಿಂಗ್ ನಿಂತಾಗ ಬಾಗಿಲು ಪೂರ್ತಿ ತೆರೀತು. "ಮಹಾಭಾರತ", "ರಾಧಾಕೃಷ್ಣ" ಕನ್ನಡ ದನಿಯಲ್ಲಿ ಬಂದವು. ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರ್ ಅವರ ಬದುಕಿನ "ಮಹಾನಾಯಕ" ಬಂತು. ಎಷ್ಟೋ ಊರಲ್ಲಿ ಜನ ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದರು. ಒಂದು ಧಾರಾವಾಹಿಗೆ ಹಳ್ಳಿ ಬಾಗಿಲಲ್ಲಿ ಫ್ಲೆಕ್ಸ್!

ತುಟಿ ಒಂದು ಕಡೆ, ಮಾತು ಒಂದು ಕಡೆ ಇದ್ದರೂ "ಮಹಾನಾಯಕ" ಯಾಕೆ ಗೆದ್ದಿತು? ನಮ್ಮಜ್ಜಿಯ "ರಾಮಾಯಣ"ದ ಕಾರಣವೇ. ಭೀಮರಾಯರ ಕತೆ ಆ ಮನೆಗಳೊಳಗೆ ಮೊದಲೇ ಇತ್ತು. ಶಾಲೆಯಲ್ಲಿ ಹೊರಗೆ ಕೂರಿಸಿದ್ದು, ನೀರು ಮುಟ್ಟಬೇಡ ಅಂದದ್ದು ಅವರಿಗೆ ಯಾವ ಭಾಷೆಯಲ್ಲಿ ಹೇಳಿದ್ರೂ ಅರ್ಥ ಆಗುತ್ತೆ. ಅತ್ತೆ ಸೊಸೆ ಕತೆಗೆ ಆ ಬಲ ಇಲ್ಲ. ಅದಕ್ಕೆ ನಮ್ಮ ಅಡುಗೆಮನೆ, ನಮ್ಮ ಬೈಗುಳ, ನಮ್ಮ ಹಬ್ಬ ಬೇಕು.

ನಮ್ಮವರ ತಪ್ಪೂ ಒಂದು ಐತೆ, ಹೇಳಿಬಿಡ್ತೀನಿ. ಕತೆ ತರ್ತಾರೆ, ಮುಗಿಸೋ ಗುಣ ತರಲ್ಲ. ಮರಾಠಿಯ "ತುಲಾ ಪಾಹತೇ ರೇ" 2018ರಲ್ಲಿ ಶುರುವಾಗಿ ಒಂದು ವರ್ಷದೊಳಗೆ ಮುಗೀತು. ಅದರ ಕನ್ನಡ "ಜೊತೆ ಜೊತೆಯಲಿ" 2019ರಲ್ಲಿ ಶುರುವಾಗಿ ಮೂರೂವರೆ ವರ್ಷಕ್ಕೂ ಹೆಚ್ಚು ಎಳೀತು. ಮೊದಲ ವರ್ಷ ಕುರ್ಚಿ ಬಿಟ್ಟು ಏಳದೋರು ಕೊನೆಗೆ "ಇನ್ನೂ ಬರ್ತೈತಾ ಅದು?" ಅನ್ನೋ ಹಂಗಾಯ್ತು. ಹೋಳಿಗೆ ಎಷ್ಟು ತೆಳ್ಳಗೆ ಲಟ್ಟಿಸಿದ್ರೂ ಹೂರಣ ಇರೋದು ಅಷ್ಟೇ ಅಲ್ವಾ?

ಹಂಗಂತ ನಾವು ಬರೀ ಇಸಗೊಳ್ಳೋರಲ್ಲ. 2020ರ "ಕನ್ನಡತಿ" ನಮ್ಮದೇ ಕತೆ. ಕಂತಿನ ಕೊನೆಗೆ ರಂಜನಿ ರಾಘವನ್ ಕನ್ನಡ ಶಬ್ದ ಸರಿಯಾಗಿ ಬಳಸೋದು ಹೇಳಿಕೊಡ್ತಿದ್ದಳು. 2024ರ "ಲಕ್ಷ್ಮೀ ನಿವಾಸ" ಕನ್ನಡದಿಂದ ಮರಾಠಿಗೆ ಹೋಯ್ತು. ಇಸಗೊಂಡ ಬಟ್ಟಲು ಬರಿದಾಗಿ ವಾಪಸ್ ಕೊಡಬಾರದು ಅನ್ನೋದು ನಮ್ಮ ಓಣಿಯ ಪದ್ಧತಿ, ಟೀವಿಯವರೂ ಅದನ್ನ ಕಲೀತಿದ್ದಾರೆ.

ಒಂದು ಬಾಕಿ ಮಾತ್ರ ಉಳಿದೈತೆ. ಇಷ್ಟೆಲ್ಲಾ ಕತೆ ಕನ್ನಡಕ್ಕೆ ಬಂತು, ಯಾವ ಕನ್ನಡಕ್ಕೆ? ಬೆಂಗಳೂರಿನ ಕನ್ನಡಕ್ಕೆ, ಹೆಚ್ಚೆಂದ್ರೆ ಮಂಡ್ಯ, ಮೈಸೂರಿನ ಕನ್ನಡಕ್ಕೆ. ದಾವಣಗೆರೆ, ಹರಿಹರದ ಮಾತು ಟೀವಿಯಲ್ಲಿ ಕೇಳಿದ್ರೆ ಹೆಚ್ಚಾಗಿ ನಗಿಸೋ ಪಾತ್ರದ ಬಾಯಲ್ಲೇ. ಅಳೋ ತಾಯಿ, ಗೆಲ್ಲೋ ಮಗಳು, ಗಟ್ಟಿ ಮಾತಾಡೋ ಅಜ್ಜಿ, ಇವರಿಗೆ ನಮ್ಮ ಮಾತು ಕೊಡಲ್ಲ. ನಮ್ಮ ಮನೆಯ ಚಿಕ್ಕ ಮಕ್ಕಳು ಅವ್ವ ಅನ್ನೋದು ಬಿಟ್ಟು ಟೀವಿಯಲ್ಲಿ ಕೇಳಿದ ಹಂಗೆ ಅಮ್ಮ ಅಂತಾರೆ. ದೊಡ್ಡವ್ವ, ಚಿಗವ್ವ ಹೋಗಿ ಎಲ್ಲರೂ ಆಂಟಿ ಆಗ್ಯಾರೆ. ಬೇರೆ ಭಾಷೆಯ ಕತೆ ಬಂದದ್ದರಿಂದ ನಾವು ಏನೂ ಕಳಕೊಂಡಿಲ್ಲ. ನಮ್ಮ ಮಾತು ಪರದೆ ಮ್ಯಾಲೆ ಬರದೇ ಇರೋದ್ರಿಂದ ಕಳಕೋತಾ ಇದ್ದೀವಿ.

ಕೊಲಂಬಿಯಾದ ಬೆಟ್ಟಿ ಪಂಜಾಬಿ ಮನೆಗೆ ಬಂದ್ಲು, ಕ್ವೀನ್ಸ್‌ಗೆ ಹೋದ್ಲು. ಅವಳು ಒಂದು ದಿನ ಹಲ್ಲಿನ ತಂತಿ, ಕನ್ನಡಕ ಸಮೇತ ನಮ್ಮ ಬಡಾವಣೆಗೂ ಬಂದು, "ಯವ್ವಾ, ನಾ ಕೆಲಸಕ್ಕೆ ಹೊಂಟೆ, ಮಂಡಕ್ಕಿ ಒಗ್ಗರಣೆ ಮುಚ್ಚಿಟ್ಟಿರು" ಅಂದ್ರೆ ಯಾವ ದೇಶದ ಕತೆ ಅಂತ ನಾವ್ಯಾರೂ ಕೇಳಲ್ಲ. ಅಲ್ಲೀ ತನಕ ನಾವೇ ಮನೆಯಲ್ಲಿ ಮಕ್ಕಳ ಮುಂದೆ ನಮ್ಮ ಮಾತಲ್ಲೇ ಕತೆ ಹೇಳೋಣ. ಅದಕ್ಕೆ ಯಾವ ಚಾನೆಲ್ಲೂ ಬೇಡ.