ಭಾಗ 4: ಸಾರಿಗೆ ಉಪ್ಪು ಕಮ್ಮಿಯಾದ್ರೆ?

1930ರಲ್ಲಿ ಉಪ್ಪಿಗಾಗಿ ಬ್ರಿಟಿಷರ ಕಾನೂನು ಮುರಿದ ಅಂಕೋಲಾ ನಮ್ದು. ಕೇಣಿಯವ್ರಿಗೂ ಆ ಹೆಮ್ಮೆ ಇದೆ. ಮನೆಯೊಳಗಿನ ಉಪ್ಪಿನ ಕಥೆ ಮಾತ್ರ ಬೇರೆ.

ಗಂಡನ ಕ್ರೌರ್ಯ 1983ರಲ್ಲೇ 498ಎ ಕಲಂ ಪ್ರಕಾರ ಅಪರಾಧ ಆಯ್ತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರಲ್ಲಿ ಜಾರಿಗೆ ಬಂತು. ಆಮೇಲೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವ್ರು ಕೇಳಿದ್ರು: ಅಡುಗೆ ಸರಿ ಮಾಡದಿದ್ರೆ, ಎದುರು ಮಾತಾಡಿದ್ರೆ, ಹೇಳದೆ ಹೊರಗೆ ಹೋದ್ರೆ ಹೆಂಡತಿಗೆ ಹೊಡೆಯೋದು ಸರಿಯಾ? ಇಂಥ 7 ಕಾರಣಗಳಲ್ಲಿ ಒಂದಕ್ಕಾದ್ರೂ ‘ಸರಿ’ ಅಂದವ್ರು ಕರ್ನಾಟಕದಲ್ಲಿ ಗಂಡಸರು ಶೇ. 81.9, ಹೆಂಗಸರು (ಹೌದು, ಹೆಂಗಸರೇ!) ಶೇ. 76.9.

ಅಜ್ಜನ ಕಾಲದ ಬುದ್ಧಿ ಅಂತ ತಪ್ಪಿಸ್ಕೊಳ್ಳೋ ಹಾಗಿಲ್ಲ. ಸಮೀಕ್ಷೆ 15 ವರ್ಷದವ್ರಿಂದಲೇ ಶುರು, ಅಂದ್ರೆ ನಮ್ಮ ವಯಸ್ಸು. ‘ಎರಡು ಬಿಟ್ರೆ ಸರಿಹೋಗ್ತಾಳೆ’ ಅಂತ ಯಾರೋ ಅಂದಾಗ ಕ್ಲಾಸಲ್ಲಿ ಎಲ್ರೂ ನಕ್ಕಿದ್ವಲ್ಲ? ನಾನೂ ನಕ್ಕಿದ್ದೆ.